ಹುಲಿಮೊಗದ ರಾಕ್ಷಸನನ್ನು ಬರೆದವನು

ನಮ್ಮ ರಾಕ್ಷಸರಿಗೆ ಇಂಥದೇ ಮುಖ ಎಂಬ ನಿಯಮ ಎಂದೂ ಇದ್ದಿಲ್ಲ. ಅವರು ಕಾಮರೂಪಿಗಳು. ಮಾರೀಚ ಚಿನ್ನದ ಜಿಂಕೆಯಾಗಿ ಸುಳಿದಾಡಿದ; ರಾವಣ ಸಂನ್ಯಾಸಿಯಾಗಿ ಪರ್ಣಶಾಲೆಯ ಬಾಗಿಲಿಗೆ ಬಂದು ನಿಂತ. ಕರಾವಳಿಯ ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವನು ಗಂಟೆಗಟ್ಟಲೆ ಕುಳಿತು ಅಕ್ಕಿಹಿಟ್ಟಿನ ಚಿಟ್ಟಿಗಳನ್ನು ಒಂದೊಂದಾಗಿ ಇಟ್ಟುಕೊಂಡು ರಾಕ್ಷಸನಾಗುತ್ತಾನೆ. ಆ ಮುಖ ಯಾವ ಪ್ರಾಣಿಯದೂ ಅಲ್ಲ, ಮನುಷ್ಯನದೂ ಅಲ್ಲ. ಹೀಗಿರಲು, 1977ನೆಯ ಇಸವಿಯ ಕೊನೆಯಲ್ಲಿ ಅಮೆರಿಕದಲ್ಲಿ ಅಚ್ಚಾದ ಒಂದು ಆಟದ ಪುಸ್ತಕದಲ್ಲಿ, ರಾಕ್ಷಸ ಎಂಬ ನಮ್ಮ ಶಬ್ದದ ಜತೆಗೇ ಒಂದು ಪುಟ್ಟ ಕಪ್ಪುಬಿಳುಪು ಚಿತ್ರ ಬಂದಿತು. ಅದರಲ್ಲಿರುವವನಿಗೆ ಹುಲಿಯ ತಲೆ. ಮೈಮೇಲೆ ಸಿರಿವಂತರು ಮನೆಯಲ್ಲಿ ತೊಡುವಂಥ ನಿಲುವಂಗಿ. ಸೇದುವುದಕ್ಕೆ ಒಂದು ಪೈಪು. ಊಟ ಮುಗಿಸಿ ವಿರಾಮವಾಗಿರುವ ಜಮೀನುದಾರನಂತೆ ಆತ ತೋರುತ್ತಾನೆ. ಊಟ ಯಾವುದಾಗಿತ್ತೆಂಬುದನ್ನು ಮಾತ್ರ ನೋಡುವವರೇ ಊಹಿಸಿಕೊಳ್ಳಬೇಕು.

ಆ ಪುಸ್ತಕದ ಬರವಣಿಗೆಯಲ್ಲಿ ಹುಲಿಯ ಪ್ರಸ್ತಾಪವೇ ಇಲ್ಲವೆಂಬುದು ಗಮನಿಸತಕ್ಕ ಸಂಗತಿ. ಈ ದುಷ್ಟಶಕ್ತಿಗಳು ಮೊದಲು ತಿಳಿದುಬಂದದ್ದು ಇಂಡಿಯದಲ್ಲಿ, ಇವಕ್ಕೆ ನರಮಾಂಸ ಪ್ರಿಯ, ಎದುರಿಗಿದ್ದವರ ಮನಸ್ಸನ್ನು ಓದಿ ಅವರು ನಂಬುವಂಥವರ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ, ಪುರೋಹಿತನು ಹರಸಿಕೊಟ್ಟ ಅಡ್ಡಬಿಲ್ಲಿನ ಬಾಣ ತಗುಲಿದರೆ ಸಾಯುತ್ತವೆ ಎಂಬಂಥ ಮಾತುಗಳು ಅಲ್ಲಿವೆ. ಬರೆದವನು ಗ್ಯಾರಿ ಗೈಗ್ಯಾಕ್ಸ್. ಆತ ಇದನ್ನು ವಾಲ್ಮೀಕಿಯಿಂದ ಪಡೆಯಲಿಲ್ಲ. 1974ರ ಡಿಸೆಂಬರಿನಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಬಂದ 'ಕೋಲ್ಚಾಕ್' ಎಂಬ ಮಾಲಿಕೆಯ ಒಂದು ಕಂತಿನಲ್ಲಿ, ಷಿಕಾಗೋ ನಗರದ ಮುದುಕರನ್ನು ತಿನ್ನುವ ರಾಕ್ಷಸನೊಬ್ಬನಿದ್ದಾನೆ, ಅಡ್ಡಬಿಲ್ಲೂ ಅಲ್ಲಿಯದೇ. ಆ ಕಂತಿನ ಋಣವನ್ನು ಗೈಗ್ಯಾಕ್ಸನೇ ಒಪ್ಪಿಕೊಂಡಿದ್ದಾನೆ. ಆದರೆ ಟೆಲಿವಿಷನ್ನಿನ ಆ ರಾಕ್ಷಸನಿಗೂ ಹುಲಿಯ ತಲೆಯಿರಲಿಲ್ಲ. ಅದು ಚಿತ್ರಕಾರನ ಕೈಯಿಂದ ಬಂದದ್ದು. ಬಳಿಕ ಬಂದ ಆವೃತ್ತಿಗಳವರು ಚಿತ್ರವನ್ನು ನೋಡಿ ಬರವಣಿಗೆಯನ್ನು ತಿದ್ದಿಕೊಂಡರು. ರಾಕ್ಷಸರೆಂದರೆ ಹುಲಿಯಂಥ ತಲೆಯುಳ್ಳವರು ಎಂಬುದು ಆಟದ ನಿಯಮವೇ ಆಯಿತು. 2014ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿಯೂ ಹುಲಿಯೇ. ಲೋಕದ ನಾನಾ ದೇಶಗಳಲ್ಲಿ ಆ ಆಟವಾಡಿ ಬೆಳೆದ ಹುಡುಗರನ್ನು ರಾಕ್ಷಸನೆಂದರೇನು ಎಂದು ಕೇಳಿದರೆ ಅವರು ಹತ್ತು ತಲೆಯ ಮಾತೆತ್ತುವುದಿಲ್ಲ, ಹುಲಿಮೊಗದ ಮಾತೆತ್ತುತ್ತಾರೆ.

ಆ ಮೊಗವನ್ನು ಕೊಟ್ಟವನ ಹೆಸರು ಡೇವಿಡ್ ಎ. ಟ್ರಾಂಪಿಯರ್. ತನ್ನ ಹೆಸರಿನ ಮೂರು ಮೊದಲಕ್ಷರಗಳನ್ನು ಕೂಡಿಸಿ ಚಿತ್ರದ ಮೂಲೆಯಲ್ಲಿ 'ಡಿ.ಎ.ಟಿ.' ಎಂದು ಗುರುತು ಹಾಕುತ್ತಿದ್ದ. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಮುಂದೆ ಹತ್ತೇ ವರ್ಷಗಳ ಮೇಲೆ ಕುಂಚವನ್ನು ಕೆಳಗಿಟ್ಟು ಎದ್ದುಹೋದ. ಅವನ ಚಿತ್ರಗಳ ಬಗ್ಗೆ ಬರೆಯುವವರೆಲ್ಲ ಹಾಗೆ ಎದ್ದುಹೋದುದನ್ನೇ ಒಂದು ಪತ್ತೇದಾರಿ ಕಥೆಯಂತೆ ಹೇಳುತ್ತಾರೆ. ನನಗೇನೋ ಅವನು ಹೋದ ಕಥೆಗಿಂತ ಇದ್ದಷ್ಟು ದಿನ ಮಾಡಿದ ಕೆಲಸ ದೊಡ್ಡದಾಗಿ ಕಾಣುತ್ತದೆ. ಹೋದುದನ್ನೂ ಆ ಕೆಲಸದ ಬೆಳಕಿನಲ್ಲಿಯೇ ನೋಡುವುದು ನ್ಯಾಯ.

ಮೊದಲು ಆಟದ ವಿಚಾರ ಎರಡು ಮಾತು ಹೇಳಬೇಕು. ಇದರಲ್ಲಿ ಹಾಸಿಲ್ಲದೆಯೂ ಆಡಬಹುದು. ಗೆಲ್ಲುವುದು ಸೋಲುವುದು ಎಂಬುದೂ ಅಷ್ಟಾಗಿ ಇಲ್ಲ. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಸೂತ್ರಧಾರ, ಉಳಿದವರಲ್ಲಿ ಒಬ್ಬೊಬ್ಬರೂ ಒಂದೊಂದು ಪಾತ್ರ. ನಾನು ಖಡ್ಗಧಾರಿ, ನೀನು ಮಾಂತ್ರಿಕ, ಅವಳು ಕಳ್ಳಿ. ಪಾಳುಕೋಟೆಯ ನೆಲಮಾಳಿಗೆಯಲ್ಲಿ ಏನಿದೆ ಎಂಬುದನ್ನು ಸೂತ್ರಧಾರ ಬಾಯಿಮಾತಿನಲ್ಲಿ ವರ್ಣಿಸುತ್ತಾನೆ. ತಾವೇನು ಮಾಡುತ್ತೇವೆಂದು ಪಾತ್ರಧಾರಿಗಳು ಹೇಳುತ್ತಾರೆ. ಸಂದೇಹ ಬಂದಲ್ಲಿ ದಾಳ ಉರುಳಿಸುತ್ತಾರೆ. ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ಕಟ್ಟುವುದನ್ನು ಕಂಡವರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡಕ್ಕೂ ಸಂಬಂಧವೇನೂ ಇಲ್ಲ, ಹೋಲಿಕೆಯಷ್ಟೆ.

ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದುದು 'ಡಂಜನ್ಸ್ ಅಂಡ್ ಡ್ರಾಗನ್ಸ್'. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವ ಎಂಬ ಸಣ್ಣ ಊರಿನಲ್ಲಿ ಗೈಗ್ಯಾಕ್ಸನೂ ಅವನ ಗೆಳೆಯ ಡಾನ್ ಕೇಯೂ 1973ರಲ್ಲಿ ಕಟ್ಟಿದ ಟಿ.ಎಸ್.ಆರ್. ಎಂಬ ಕಂಪೆನಿ ಅದನ್ನು 1974ರಲ್ಲಿ ಹೊರತಂದಿತು. ಆಟವನ್ನು ಕಲ್ಪಿಸಿದವರು ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಮನೆಯಲ್ಲೇ ಕುಳಿತು ಪೆಟ್ಟಿಗೆಗಳಿಗೆ ತುಂಬಿ ಕಳುಹಿಸಿದರು. ಅದರ ಚಿತ್ರಗಳು ಹವ್ಯಾಸಿಗಳವು. ಕೆಲವನ್ನು ಆಗಿನ ಕಾಮಿಕ್ ಪುಸ್ತಕಗಳ ಚೌಕಟ್ಟುಗಳಿಂದ ನೇರವಾಗಿ ಎತ್ತಿಕೊಂಡದ್ದೆಂದು ಅನಂತರ ಗುರುತಿಸಿದರು. ಹುಡುಗಾಟದಲ್ಲಿ ಆರಂಭವಾದದ್ದಕ್ಕೆ ಹುಡುಗಾಟದ ಚಿತ್ರಗಳು. ಆಗ ಅದು ಯಾರಿಗೂ ತೊಡಕಾಗಲಿಲ್ಲ.

ತೊಡಕು ಕಾಣಿಸಿಕೊಂಡದ್ದು ಆಟ ಬೆಳೆದ ಮೇಲೆ. ಕಣ್ಣಿಗೆ ಕಾಣದ ಲೋಕವೊಂದನ್ನು ನಾಲ್ಕಾರು ಮಂದಿ ಒಟ್ಟಿಗೆ ಕಲ್ಪಿಸಿಕೊಳ್ಳಬೇಕಾದರೆ, ಅವರೆಲ್ಲರ ಮನಸ್ಸಿನಲ್ಲಿಯೂ ಹೆಚ್ಚುಕಡಿಮೆ ಒಂದೇ ಬಿಂಬ ಇರಬೇಕಲ್ಲವೆ? ಸೂತ್ರಧಾರ ಹೇಳುವುದು ಒಂದು, ಕೇಳುವವನು ನೆನೆಯುವುದು ಇನ್ನೊಂದು ಆದರೆ ಆಟವೇ ಕೆಡುತ್ತದೆ. ಆದುದರಿಂದ ಪುಸ್ತಕದ ಚಿತ್ರಗಳು ಅಲಂಕಾರಕ್ಕಾಗಿ ಅಲ್ಲ, ಆಟದ ಉಪಕರಣವಾಗಿಯೇ ಬೇಕಾದವು. ಸೂತ್ರಧಾರ ಪುಸ್ತಕವನ್ನು ಎತ್ತಿಹಿಡಿದು 'ನಿಮ್ಮ ಎದುರಿಗೆ ನಿಂತಿರುವುದು ಇದು' ಎಂದು ತೋರಿಸಿದರೆ ಸಾಕು.

1977ರ 'ಮಾನ್‌ಸ್ಟರ್ ಮ್ಯಾನ್ಯುಅಲ್' ಹಾಗೆ ತೋರಿಸುವುದಕ್ಕೆಂದೇ ಹುಟ್ಟಿದ ಪುಸ್ತಕವೆನ್ನಬಹುದು. ಆ ಆಟಕ್ಕೆ ಗಟ್ಟಿ ರಟ್ಟಿನ ಮೊದಲ ಪುಸ್ತಕ ಅದೇ. ಅಕಾರಾದಿಯಾಗಿ ಮುನ್ನೂರೈವತ್ತಕ್ಕೂ ಮಿಕ್ಕ ಭೂತಪ್ರೇತ ಪ್ರಾಣಿಗಳ ಕೋಶ. ಅದರ ಚಿತ್ರಗಳ ಬಹುಭಾಗವನ್ನು ಬರೆದವರು ಇಬ್ಬರು ಡೇವಿಡ್ಡರು. ಒಬ್ಬ ಡೇವಿಡ್ ಸದರ್ಲೆಂಡ್. ವಿಯೆಟ್ನಾಮ್ ಯುದ್ಧದಿಂದ ಹಿಂದಿರುಗಿ ಬಂದವನು. ಹೊದಿಕೆಯ ಚಿತ್ರ ಅವನದು. ಇನ್ನೊಬ್ಬ ನಮ್ಮ ಟ್ರಾಂಪಿಯರ್. ಇಬ್ಬರ ಕೈಯನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಸದರ್ಲೆಂಡನ ಗೆರೆ ಮುಗ್ಧವಾದದ್ದು, ಕೆಲವು ಕಡೆ ಪೆಡಸು; ಉತ್ಸಾಹ ಮಾತ್ರ ಅಪಾರ. ಟ್ರಾಂಪಿಯರನದು ಮರದಚ್ಚಿನ ಗೆರೆಯಂತೆ ದಟ್ಟ. ಕಪ್ಪನ್ನು ಹೆದರದೆ ಹಾಕುತ್ತಾನೆ. ಬೆಳಕು ಎಲ್ಲಿಂದ ಬೀಳುತ್ತದೆಂಬುದು ಅವನಿಗೆ ಸದಾ ಗೊತ್ತಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅವನು ಬರೆದ ವಿಕಾರರೂಪಿಗಳಿಗೆ ಒಂದು ಮನೆಯಿದೆ, ಅಭ್ಯಾಸಗಳಿವೆ, ಬೇಸರವೂ ಉಂಟು. ಪೈಪು ಸೇದುವ ರಾಕ್ಷಸ ಅಂಥವನೇ. ಯಾರನ್ನೂ ಹೆದರಿಸಲು ಆತ ಬಾಯಿ ತೆರೆದುಕೊಂಡು ನಿಂತಿಲ್ಲ; ಅದರಿಂದಲೇ ಹೆದರಿಕೆ ಹೆಚ್ಚು. ವಿಷಯದ ಮೂಲ ಅಗ್ಗದ ಟೆಲಿವಿಷನ್ ಕಥೆಯಾದರೇನು, ನರಭಕ್ಷಕನನ್ನು ಸಂಭಾವಿತನನ್ನಾಗಿ ಬರೆದದ್ದರಲ್ಲಿ ಮಾಯಾವಿಯ ಸ್ವಭಾವ ಸರಿಯಾಗಿಯೇ ಹಿಡಿಯಲ್ಪಟ್ಟಿದೆ. ಸಂನ್ಯಾಸಿಯ ವೇಷದ ರಾವಣನನ್ನು ಬಲ್ಲ ನಮಗೆ ಇದು ಒಪ್ಪುವ ಮಾತು.

ಮಾರನೆಯ ವರ್ಷ, 1978ರಲ್ಲಿ, 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಎಂಬ ಪುಸ್ತಕದ ಹೊದಿಕೆಯನ್ನು ಟ್ರಾಂಪಿಯರ್ ಬರೆದ. ಅವನ ಹೆಸರು ಉಳಿಯುವುದಾದರೆ ಇದೊಂದರಿಂದ ಉಳಿದೀತು ಎಂದು ಹಲವರು ಹೇಳುತ್ತಾರೆ. ನಾನೂ ಹಾಗೆಯೇ ಬಗೆದಿದ್ದೇನೆ. ಮುಂದಿನ ರಟ್ಟಿನಿಂದ ಹಿಂದಿನ ರಟ್ಟಿನವರೆಗೂ ಹಬ್ಬಿದ ಒಂದೇ ಚಿತ್ರ. ನಡುವೆ ಕುಕ್ಕುರುಗಾಲಿನಲ್ಲಿ ಕುಳಿತ ಕೊಂಬಿನ ದೈತ್ಯವಿಗ್ರಹ. ಅದರ ಮುಂದೆ ಬೆಂಕಿ ಉರಿಯುತ್ತಿದೆ. ವಿಗ್ರಹದ ತಲೆಯ ಮೇಲೆ ಇಬ್ಬರು ಕಳ್ಳರು ಹತ್ತಿ ಕಣ್ಣಿನ ರತ್ನವನ್ನು ಮೀಟಿ ತೆಗೆಯುತ್ತಿದ್ದಾರೆ. ಕೆಳಗೆ ಸತ್ತುಬಿದ್ದ ಹಲ್ಲಿಮನುಷ್ಯರು. ಒಬ್ಬನು ಕತ್ತಿಯನ್ನು ಒರೆಸಿಕೊಳ್ಳುತ್ತಿದ್ದಾನೆ. ಕೆಲವರು ನಕಾಶೆಯನ್ನು ನೋಡುತ್ತ ಮುಂದಿನ ದಾರಿಯ ವಿಚಾರ ಮಾತನಾಡಿಕೊಳ್ಳುತ್ತಿದ್ದಾರೆ. ಇನ್ನು ಕೆಲವರು ಹೆಣ ಎಳೆಯುವ ಕೆಲಸದಲ್ಲಿದ್ದಾರೆ.

ಯುದ್ಧ ಮುಗಿದಿದೆ ಎಂಬುದನ್ನು ವಾಚಕರು ಗಮನಿಸಬೇಕು. ಆಗಿನ ಅದ್ಭುತಕಥೆಗಳ ಪುಸ್ತಕಗಳನ್ನು ಅಂಗಡಿಯಲ್ಲಿ ಸಾಲಾಗಿಟ್ಟರೆ, ಹೊದಿಕೆಗಳಲ್ಲಿ ಮೈಕಟ್ಟಿನ ವೀರನೊಬ್ಬ ಎತ್ತಿದ ಕತ್ತಿಯೊಂದಿಗೆ ನಿಂತಿರುತ್ತಿದ್ದ, ಕಾಲ ಬುಡದಲ್ಲಿ ಒಬ್ಬ ಹೆಂಗಸು. ಫ್ರಾಂಕ್ ಫ್ರಜೆಟ್ಟ ಆ ಬಗೆಯನ್ನು ಉಚ್ಛ್ರಾಯಕ್ಕೆ ಒಯ್ದಿದ್ದ. ಟ್ರಾಂಪಿಯರನ ಹೊದಿಕೆಯಲ್ಲಿ ವೀರನೇ ಇಲ್ಲ. ಅಲ್ಲಿರುವವರು ಕೆಲಸಗಾರರು. ದಣಿದಿದ್ದಾರೆ, ಕೈಯಲ್ಲಿ ಕೆಲಸವಿದೆ, ಒಬ್ಬೊಬ್ಬನಿಗೂ ಒಂದೊಂದು ಹೊಣೆ. ಯಾರೂ ನಮ್ಮ ಕಡೆ ನೋಡುತ್ತಿಲ್ಲ. ಆಟದಲ್ಲಿ ನಿಜವಾಗಿ ನಡೆಯುವುದೂ ಅದೇ: ಒಂದು ಗಳಿಗೆಯ ಹೋರಾಟ, ಆಮೇಲೆ ಅರ್ಧ ಗಂಟೆ ಲೂಟಿಯ ಲೆಕ್ಕ, ಗಾಯಗಳ ಲೆಕ್ಕ, ಮುಂದೇನು ಎಂಬ ಚರ್ಚೆ. ನೂರಿಪ್ಪತ್ತೆಂಟು ಪುಟದ ನಿಯಮಗಳಲ್ಲಿ ಗೈಗ್ಯಾಕ್ಸ್ ಬಿಡಿಸಿ ಹೇಳಲು ಹೆಣಗಿದ್ದನ್ನು ಈ ಚಿತ್ರ ಒಂದೇ ನೋಟಕ್ಕೆ ಹೇಳಿಬಿಡುತ್ತದೆ. ಹೊದಿಕೆಯನ್ನು ನೋಡಿದ ಹುಡುಗನಿಗೆ ಆ ಗುಂಪಿನಲ್ಲಿ ನಾನು ಯಾರಾಗಲಿ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಫ್ರಜೆಟ್ಟನ ಚಿತ್ರದ ಮುಂದೆ ಆ ಪ್ರಶ್ನೆ ಏಳುವುದಿಲ್ಲ; ಅಲ್ಲಿ ಮೆಚ್ಚುವುದಷ್ಟೇ ಉಳಿದಿರುವುದು.

ಅದೇ ಕಾಲದಲ್ಲಿ 'ಗಾಮ ವರ್ಲ್ಡ್' ಎಂಬ ಇನ್ನೊಂದು ಆಟದ ಹೊದಿಕೆ, 1979ರಲ್ಲಿ ಸೂತ್ರಧಾರನು ತನ್ನ ದಾಳ ಕಾಗದಗಳನ್ನು ಮರೆಮಾಡಿಕೊಳ್ಳುವ ಪರದೆಯ ಚಿತ್ರ, ಅದೇ ವರ್ಷದ 'ಡಂಜನ್ ಮಾಸ್ಟರ್ಸ್ ಗೈಡ್' ಪುಸ್ತಕದ ಒಳಚಿತ್ರಗಳು ಇವೆಲ್ಲ ಬಂದವು. ಈ ಕೊನೆಯದರಲ್ಲಿ ಒಂದು ಇಡೀ ಪುಟದ ಚಿತ್ರವಿದೆ. ಕಿರಿದಾದ ಕಲ್ಲುಬೀದಿಯಲ್ಲಿ ಮಾಂತ್ರಿಕನೊಬ್ಬ ಕುದುರೆಯ ಮೇಲೆ ನುಗ್ಗುತ್ತ ಬೆರಳ ತುದಿಯಿಂದ ಸಾವನ್ನು ಎರಚುತ್ತಿದ್ದಾನೆ. ಹೆಂಡದಂಗಡಿಯಿಂದ ಹೊರಗೆ ಬಂದವನೊಬ್ಬ ದಿಗ್ಭ್ರಾಂತನಾಗಿ ನಿಂತಿದ್ದಾನೆ. ಆ ಬೀದಿ ರೋಡ್ಸ್ ದ್ವೀಪದ ಹಳೆಯ ನೈಟರ ಬೀದಿಯನ್ನು ಹೋಲುತ್ತದೆಂದು ಆಸಕ್ತರು ಗುರುತಿಸಿದ್ದಾರೆ. ಮಾಂತ್ರಿಕನ ಹೆಸರು ಚಿತ್ರದ ಕೆಳಗಿದೆ, ಎಮಿರಿಕೋಲ್. ಅವನು ಯಾರು, ಏಕೆ ಹೀಗೆ ಮಾಡುತ್ತಿದ್ದಾನೆ ಎಂಬುದು ಪುಸ್ತಕದಲ್ಲಿ ಇಲ್ಲ. ಬರವಣಿಗೆಯಿಲ್ಲದ ಕಥೆ. ಟ್ರಾಂಪಿಯರ್ ಚಿತ್ರಕಾರನಾಗಿದ್ದಂತೆ ಕಥೆಗಾರನೂ ಆಗಿದ್ದನೆಂಬುದಕ್ಕೆ ನನಗೆ ಆ ಪುಟವೇ ಸಾಕು.

ಸಾಲದೆಂಬವರಿಗೆ 'ವರ್ಮಿ' ಉಂಟು. ಟಿ.ಎಸ್.ಆರ್. ಹೊರಡಿಸುತ್ತಿದ್ದ 'ಡ್ರಾಗನ್' ಮಾಸಪತ್ರಿಕೆಯ 9ನೆಯ ಸಂಚಿಕೆಯಿಂದ, ಎಂದರೆ 1977ರ ಸೆಪ್ಟೆಂಬರಿನಿಂದ, ಈ ಚಿತ್ರಕಥೆ ಆರಂಭವಾಯಿತು. ಮಾತೂ ಅವನದೇ, ಚಿತ್ರವೂ ಅವನದೇ. ವರ್ಮಿ ಎಂಬುದು ಸಿಗಾರು ಸೇದುವ ಒಂದು ಡ್ರಾಗನ್. ಬಿಲಿಯರ್ಡ್ಸ್ ಬಗೆಯ ಚೆಂಡಾಟದಲ್ಲಿ ಪಳಗಿದ ಕೈ, ಯುದ್ಧದ ಆಟಗಳ ಹುಚ್ಚು ಬೇರೆ. ಅದರ ಸಂಗಡ ಅರ್ವಿಂಗ್ ಎಂಬ ಕುಟ್ಟಿಪಿಶಾಚಿ, ಟ್ರೋಲುಗಳು, ಬ್ರಹ್ಮರಾಕ್ಷಸರಂಥ ಓಗರ್‌ಗಳು. ಆಟದ ಪುಸ್ತಕಗಳಲ್ಲಿ ಕೊಲ್ಲಿಸಿಕೊಳ್ಳುವುದಕ್ಕೆಂದೇ ಇರುವ ಜೀವಿಗಳು ಇಲ್ಲಿ ನೆರೆಹೊರೆಯವರಂತೆ ಜಗಳವಾಡುತ್ತವೆ, ಹರಟೆ ಹೊಡೆಯುತ್ತವೆ, ಒಂದಕ್ಕೊಂದು ಮೋಸ ಮಾಡುತ್ತವೆ. ಮನುಷ್ಯರ ಲೋಕ ಎಲ್ಲೋ ಅಂಚಿನಲ್ಲಿದೆ. ಮೊದಮೊದಲು ನಗೆಯ ಪುಟವಾಗಿದ್ದದ್ದು ವರ್ಷಗಳು ಕಳೆದಂತೆ ಉದ್ದನೆಯ ಕಥೆಯಾಗಿ ಬೆಳೆಯಿತು. ಬಣ್ಣದ ಪುಟಗಳಲ್ಲಿ ಕಾಡು, ಮಂಜು, ಮುಸ್ಸಂಜೆ ಇವುಗಳನ್ನು ಬರೆದಿರುವ ಬಗೆಯನ್ನು ನೋಡಿದರೆ ತಿಂಗಳು ತಿಂಗಳೂ ಇಷ್ಟು ಶ್ರಮಪಡುವುದು ಹೇಗೆ ಸಾಧ್ಯವಾಯಿತೋ ಎನಿಸುತ್ತದೆ. 1980ರ ದಶಕದ ನಡುವೆ ಆ ಪತ್ರಿಕೆಯ ಪ್ರಸಾರ ಲಕ್ಷವನ್ನು ಮೀರಿತ್ತು. ಪತ್ರಿಕೆ ಕೈಗೆ ಬಂದೊಡನೆ ಕೊನೆಯ ಪುಟಗಳನ್ನು ಮೊದಲು ತೆರೆಯುವವರು ಬಹಳ ಮಂದಿ.

ಇದರ ನಡುವೆ ಜೇಸನ್ ಮೆಕ್ಆಲಿಸ್ಟರ್ ಎಂಬಾತನ ಜತೆಗೂಡಿ 'ಟೈಟನ್' ಎಂಬ ಹಾಸಿನ ಆಟವೊಂದನ್ನೂ ರಚಿಸಿದ. 1980ರಲ್ಲಿ ಇಬ್ಬರೂ ಸೇರಿ ಸ್ವಂತವಾಗಿ ಹೊರತಂದರು; 1982ರಲ್ಲಿ ಆವಲಾನ್ ಹಿಲ್ ಎಂಬ ದೊಡ್ಡ ಕಂಪೆನಿ ಅದನ್ನು ತೆಗೆದುಕೊಂಡಿತು. ಗಂಟೆಗಟ್ಟಲೆ ನಡೆಯುವ ಆಟ, ತಲೆಯಿದ್ದವರ ಆಟ. ಅದಕ್ಕೆ ನಿಷ್ಠರಾದವರು ಇಂದಿಗೂ ಇದ್ದಾರೆ; 2008ರಲ್ಲಿ ಮತ್ತೆ ಅಚ್ಚಾಯಿತು. ನಾನು ಈ ಆಟಕ್ಕೆ ಹೆಚ್ಚು ಜಾಗ ಕೊಡುತ್ತಿಲ್ಲ. ಕೇವಲ ಬೇರೆಯವರ ಪುಸ್ತಕಗಳಿಗೆ ಗೆರೆ ಎಳೆದುಕೊಟ್ಟವನು ಎಂಬ ಮಾತಿಗೆ ಉತ್ತರವಾಗಿ ನೆನೆದೆ.

ಈಗ 1988ಕ್ಕೆ ಬರಬೇಕು. ಆ ವರ್ಷದ ಏಪ್ರಿಲಿನ 132ನೆಯ ಸಂಚಿಕೆಯಲ್ಲಿ ವರ್ಮಿಯ ಒಂದು ಕಂತು ಬಂದಿತು. ಕಥೆ ನಟ್ಟನಡುವೆ ಇತ್ತು. ಮುಂದಿನ ತಿಂಗಳು ಕಂತಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಕೆಲವು ತಿಂಗಳು ಕಳೆದ ಮೇಲೆ, ವರ್ಮಿ ಇನ್ನು ಬರುವುದಿಲ್ಲವೆಂದು ಪತ್ರಿಕೆ ಓದುಗರಿಗೆ ಚುಟುಕಾಗಿ ತಿಳಿಸಿತು. ಸಂಭಾವನೆಯ ಚೆಕ್ಕುಗಳು ಒಡೆಯದ ಲಕೋಟೆಗಳಲ್ಲಿಯೇ ಹಿಂದಿರುಗಿದವೆಂದು ಆ ವಲಯದವರು ಹೇಳಿಕೊಂಡು ಬಂದಿದ್ದಾರೆ. ಆಗ ಟ್ರಾಂಪಿಯರನಿಗೆ ಮೂವತ್ತನಾಲ್ಕು.

ಏಕೆ ಬಿಟ್ಟ? ಊಹೆಗಳಿಗೆ ಲೆಕ್ಕವಿಲ್ಲ. ಸತ್ತನೆಂದು ಕೆಲವರು ಬರೆದರು. ಹಣದ ವ್ಯಾಜ್ಯವೆಂದು ಕೆಲವರು. ಮನಸ್ಸು ಮುರಿಯಿತೆಂದು ಕೆಲವರು. ಊಹೆಗೆ ಇನ್ನೊಂದನ್ನು ನಾನು ಸೇರಿಸಲಾರೆ. ಆದರೆ ಆ ಕಾಲದಲ್ಲಿ ಆ ಕಸುಬು ಎಂಥದಾಗಿತ್ತೆಂಬುದನ್ನು ಹೇಳಬಹುದು, ಏಕೆಂದರೆ ಅದು ಊಹೆಯಲ್ಲ. ಮನೆಯಲ್ಲಿ ಪೆಟ್ಟಿಗೆ ತುಂಬುತ್ತಿದ್ದ ಕಂಪೆನಿ ಹತ್ತು ವರ್ಷಗಳಲ್ಲಿ ಕೋಟ್ಯಂತರ ಡಾಲರುಗಳ ವ್ಯಾಪಾರವಾಗಿ ಬೆಳೆದಿತ್ತು. 1983ರಲ್ಲಿ ಹಳೆಯ ಪುಸ್ತಕಗಳಿಗೆ ಹೊಸ ಹೊದಿಕೆ ಹಾಕಿದರು. ವಿಗ್ರಹದ ಚಿತ್ರ ಹೋಗಿ ಆ ಜಾಗದಲ್ಲಿ ಜೆಫ್ ಈಸ್ಲಿಯ ಮಾಂತ್ರಿಕ ಬಂದ. ಈಸ್ಲಿಯದು ತೈಲವರ್ಣದಲ್ಲಿ ನುರಿತ ಕೈ; ಚಿತ್ರ ಚೆನ್ನಾಗಿಯೇ ಇದೆ. ಆದರೆ ಗುಂಪು ಹೋಗಿ ಒಂಟಿ ಮಾಂತ್ರಿಕ ಉಳಿದ. ಆಟವನ್ನು ಕಟ್ಟಿದ ಗೈಗ್ಯಾಕ್ಸನನ್ನೇ 1985ರಲ್ಲಿ ಅಧಿಕಾರದಿಂದ ಕೆಳಗಿಳಿಸಿದರು. 1986ರ ಹೊತ್ತಿಗೆ ಆತ ಹೊರಬಿದ್ದ. ಸದರ್ಲೆಂಡ್ ಕಂಪೆನಿಯನ್ನೇ ನಂಬಿ ಇಪ್ಪತ್ತು ವರ್ಷ ದುಡಿದ. 1997ರಲ್ಲಿ 'ವಿಜರ್ಡ್ಸ್ ಆಫ್ ದಿ ಕೋಸ್ಟ್' ಎಂಬ ಇನ್ನೊಂದು ಕಂಪೆನಿ ಟಿ.ಎಸ್.ಆರ್.ನ್ನು ಕೊಂಡಾಗ ಅವನ ಕೆಲಸ ಹೋಯಿತು. 2005ರಲ್ಲಿ ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ. ಬಿಟ್ಟುಹೋದ ಡೇವಿಡ್ಡನನ್ನು ಕುರಿತು ನೂರು ಲೇಖನಗಳಿವೆ, ಬಿಡದೆ ನಿಂತ ಡೇವಿಡ್ಡನ ಕಥೆಯನ್ನು ಕೇಳಿದವರು ಕಡಿಮೆ. ನನಗೆ ಇದು ವಿಚಿತ್ರವೆನಿಸುತ್ತದೆ.

ಚಿತ್ರಗಳಾದರೋ ಆಸ್ತಿಯಂತೆ ಕೈಯಿಂದ ಕೈಗೆ ಹೋದವು. ಟಿ.ಎಸ್.ಆರ್.ನಿಂದ ವಿಜರ್ಡ್ಸ್‌ಗೆ, 1999ರಲ್ಲಿ ವಿಜರ್ಡ್ಸನ್ನೇ ಕೊಂಡ ಹ್ಯಾಸ್ಬ್ರೋ ಎಂಬ ಆಟಿಕೆಯ ದೊಡ್ಡ ಕಂಪೆನಿಗೆ. ಅಮೆರಿಕದ ಕಾನೂನಿನ ಪ್ರಕಾರ ಕಂಪೆನಿಗಾಗಿ ಮಾಡಿದ ಇಂಥ ಕೃತಿಯ ಹಕ್ಕು ಪ್ರಕಟವಾದಂದಿನಿಂದ 95 ವರ್ಷ. ಎಂದರೆ 1977ರ ಹುಲಿಮೊಗದ ಚಿತ್ರ 2072ರ ಕೊನೆಯವರೆಗೆ ಬಂಧನದಲ್ಲಿದೆ. 1978ರ ಹೊದಿಕೆ ಇನ್ನೂ ಒಂದು ವರ್ಷ ಹೆಚ್ಚು. ನಮ್ಮ ಪುರಾಣದ ಹೆಸರು ಯಾರ ಸ್ವತ್ತೂ ಅಲ್ಲ. ಆದರೆ ಆ ಹೆಸರಿಗೆ ಇಪ್ಪತ್ತಮೂರರ ಹುಡುಗ ಬರೆದ ಮುಖ ಒಂದು ವ್ಯಾಪಾರಸಂಸ್ಥೆಯ ಸ್ವತ್ತು. 1999ರಲ್ಲಿಯೇ 'ಡ್ರಾಗನ್' ಪತ್ರಿಕೆಯ ಮೊದಲ 250 ಸಂಚಿಕೆಗಳನ್ನು ಕಂಪ್ಯೂಟರ್ ತಟ್ಟೆಗಳಲ್ಲಿ ತುಂಬಿ ಮಾರಿದರು. ನಾವು ಕೊಟ್ಟದ್ದು ಒಂದು ಬಾರಿಯ ಅಚ್ಚಿನ ಹಕ್ಕು ಮಾತ್ರ ಎಂದು ಹಳೆಯ ಲೇಖಕರೂ ಚಿತ್ರಕಾರರೂ ತಕರಾರೆತ್ತಿದರು. ಕೆಲವರೊಡನೆ ರಾಜಿಯೂ ಆಯಿತು. ತಕರಾರೆತ್ತಿದವರ ನಡುವೆ ಟ್ರಾಂಪಿಯರನ ದನಿ ಕೇಳಿಬರಲಿಲ್ಲ.

ಅವನ ಅಕ್ಕತಂಗಿಯರಲ್ಲಿ ಒಬ್ಬಳನ್ನು ಮದುವೆಯಾಗಿದ್ದ ಟಾಮ್ ವಾಮ್ ತಾನೂ ಆಟಗಳ ರಚನಕಾರ. 'ಡ್ರಾಗನ್' ಪತ್ರಿಕೆಯಲ್ಲಿಯೇ ಅವನ ತಮಾಷೆಯ ಆಟಗಳು ಬಂದಿದ್ದವು. ಭಾವ ಬದುಕಿದ್ದಾನೆ, ಆ ಹಳೆಯ ಸಂಬಂಧ ಅವನಿಗೆ ಬೇಡವಾಗಿದೆ ಎಂಬಷ್ಟನ್ನು ಆತ ವಿಚಾರಿಸಿದವರಿಗೆ ತಿಳಿಸಿದ್ದ. ಹುಡುಕುವವರ ಹುರುಪು ಅದರಿಂದ ಇಳಿಯಲಿಲ್ಲ.

2002ರಲ್ಲಿ ಅಕಸ್ಮಾತ್ತಾಗಿ ಗುಟ್ಟು ಬಯಲಾಯಿತು. ಲೇಕ್ ಜಿನೀವಕ್ಕೆ ಐನೂರು ಕಿಲೋಮೀಟರಿಗೂ ಹೆಚ್ಚು ದಕ್ಷಿಣದಲ್ಲಿ, ಇಲಿನಾಯ್ ಸಂಸ್ಥಾನದ ತುತ್ತತುದಿಗೆ, ಕಾರ್ಬನ್‌ಡೇಲ್ ಎಂಬ ಊರಿದೆ. ಆ ಸೀಮೆಯನ್ನು ಜನ 'ಪುಟ್ಟ ಈಜಿಪ್ಟ್' ಎಂದು ಕರೆಯುತ್ತಾರೆ. ದೊಡ್ಡ ಹೊಳೆಗಳು ಕೂಡುವ ತಾವು, ಕೈರೋ, ಥೀಬ್ಸ್, ಕಾರ್ನಕ್ ಎಂಬ ಹೆಸರಿನ ಊರುಗಳೂ ಅಲ್ಲಿವೆ. ಕಾರ್ಬನ್‌ಡೇಲಿನ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ನಡೆಸುವ ಪತ್ರಿಕೆಯ ಹೆಸರು 'ಡೈಲಿ ಈಜಿಪ್ಷಿಯನ್'. ರಾತ್ರಿ ಪಾಳಿಯ ಟ್ಯಾಕ್ಸಿಯವರ ಬದುಕು ಹೇಗಿರುತ್ತದೆಂದು ಆ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತು. ಕಾರು ನಡೆಸುತ್ತಿದ್ದವನ ಹೆಸರನ್ನೂ ಭಾವಚಿತ್ರವನ್ನೂ ಅಚ್ಚು ಹಾಕಿದ್ದರು. ಹೆಸರು ಡೇವಿಡ್ ಟ್ರಾಂಪಿಯರ್. ಆತ ಒಂದು ಕಾಲದಲ್ಲಿ ಚಿತ್ರ ಬರೆಯುತ್ತಿದ್ದನೆಂಬ ಸುಳಿವೂ ಲೇಖನದಲ್ಲಿ ಇರಲಿಲ್ಲ; ಹೆಸರನ್ನು ನೋಡಿದ ಆಟಗಾರರೇ ಅದನ್ನು ದೇಶದ ತುಂಬ ಹಬ್ಬಿಸಿದರು.

ಆಮೇಲೆ ಬಂದ ಪತ್ರಗಳು, ಕೋರಿಕೆಗಳು, ಮತ್ತೆ ಬರೆಯಿರೆಂಬ ಆಹ್ವಾನಗಳು ಒಂದಕ್ಕೂ ಆತ ಒಲಿಯಲಿಲ್ಲ. ಈ ನಿರಾಕರಣೆಯನ್ನು ಕುರಿತು ಆಗ ಬರೆದವರಲ್ಲಿ ಬಹುಮಂದಿ ಮರುಕ ತೋರಿಸಿದರು. ಅಂಥ ಕಲಾವಿದ, ಕೊನೆಗೆ ಟ್ಯಾಕ್ಸಿ! ಎಂಬ ಧಾಟಿ. ಆ ಮರುಕವನ್ನು ನಾನು ಒಪ್ಪಲಾರೆ. ರಾತ್ರಿಯ ಹೊತ್ತು ಜನರನ್ನು ಮನೆ ಮುಟ್ಟಿಸಿ ಕೂಲಿ ಪಡೆಯುವುದರಲ್ಲಿ ಕೀಳೇನಿದೆ? ಅವನ ಅತ್ಯುತ್ತಮ ಚಿತ್ರದಲ್ಲಿ ಇರುವವರೆಲ್ಲ ಕೂಲಿಗಾರರೇ. ಆದರೆ ನಷ್ಟವೇನೂ ಆಗಿಲ್ಲವೆಂದರೆ ಅದೂ ಸುಳ್ಳಾದೀತು. ಆ ದಟ್ಟ ಕಪ್ಪಿನ ಗೆರೆ ಇಪ್ಪತ್ತಾರು ವರ್ಷ ಕಾಗದದ ಮೇಲೆ ಬೀಳಲಿಲ್ಲ. ಮೂವತ್ತನಾಲ್ಕಕ್ಕೆ ಇಷ್ಟು ಪಳಗಿದ್ದ ಕೈ ಐವತ್ತಕ್ಕೆ ಏನನ್ನು ಬರೆದೀತೋ ಎಂಬುದು ನಮಗೆ ಸಿಕ್ಕದೇ ಹೋಯಿತು. ಎರಡೂ ನಿಜ, ಒಂದನ್ನು ಇನ್ನೊಂದರಿಂದ ಕಳೆಯಲು ನನಗೆ ಬರುವುದಿಲ್ಲ.

ಹುಡುಕಿಕೊಂಡು ಹೋದವರ ವಿಚಾರವಾಗಿಯೂ ಒಂದು ಮಾತು. ಅವರದು ಪ್ರೀತಿಯೇ, ಸಂದೇಹವಿಲ್ಲ. ಹನ್ನೆರಡು ವರ್ಷದ ಹುಡುಗರಾಗಿದ್ದಾಗ ತಮಗೊಂದು ಲೋಕವನ್ನೇ ತೆರೆದುಕೊಟ್ಟವನಿಗೆ ಕೃತಜ್ಞತೆ ಹೇಳುವುದು ಬೇಡವೆ? ಆದರೆ ಆ ಕೃತಜ್ಞತೆ ಎದ್ದುಬಂದದ್ದು ಆತ ಕಾಣೆಯಾದ ಮೇಲೆ. ಕಣ್ಣೆದುರಿಗಿದ್ದ ಹನ್ನೊಂದು ವರ್ಷಗಳಲ್ಲಿ ಪುಸ್ತಕಗಳ ಮೊದಲ ಪುಟದಲ್ಲಿ ಸಣ್ಣಕ್ಷರದಲ್ಲಿ ಇರುತ್ತಿದ್ದ ಅವನ ಹೆಸರನ್ನು ಎಷ್ಟು ಮಂದಿ ಓದಿದ್ದರು? ರಾಕ್ಷಸನನ್ನು ಗೈಗ್ಯಾಕ್ಸನ ಸೃಷ್ಟಿಯೆಂದು ಹೇಳುವವರು ಈಗಲೂ ಇದ್ದಾರೆ.

ಕೊನೆಗೆ ಕಾಲವೇ ಅವನ ಹಟವನ್ನು ಸಡಿಲಿಸಿತು. 2013ರ ಹೊತ್ತಿಗೆ ಟ್ಯಾಕ್ಸಿಯ ಸಂಸ್ಥೆ ಮುಚ್ಚಿಹೋಯಿತು. ಲಘುವಾಗಿ ಪಾರ್ಶ್ವವಾಯು ತಗುಲಿತ್ತು, ಕ್ಯಾನ್ಸರೂ ಕಾಣಿಸಿಕೊಂಡಿತ್ತು. ಹಣ ಬೇಕಾಗಿತ್ತು. ಆಗ ಆತ ತಾನಾಗಿಯೇ ಊರಿನ ಒಂದು ಆಟದಂಗಡಿಯವರನ್ನು ಕಂಡು, ತನ್ನ ಬಳಿ ಉಳಿದಿದ್ದ ಮೂಲಚಿತ್ರಗಳಲ್ಲಿ ಕೆಲವನ್ನು ಮಾರುವ ಮಾತೆತ್ತಿದ. ಎಲ್ಲವನ್ನೂ ಬಿಟ್ಟುಬಿಟ್ಟನೆಂದು ಲೋಕ ಹೇಳುತ್ತಿದ್ದವನು ಇಪ್ಪತ್ತೈದು ವರ್ಷ ಆ ಕಾಗದಗಳನ್ನು ಮಾತ್ರ ಕಾಪಾಡಿಕೊಂಡು ಬಂದಿದ್ದ. ವರ್ಮಿಯನ್ನು ಪುಸ್ತಕವಾಗಿ ತರುವ ವಿಚಾರ ಒಂದು ಪ್ರಕಾಶನದವರೊಡನೆ ಮಾತುಕತೆಗೆ ಬಂದಿತು. 2014ರ ಏಪ್ರಿಲಿನಲ್ಲಿ ಅದೇ ಸೀಮೆಯಲ್ಲಿ ನಡೆಯುವ ಆಟಗಾರರ ಸಮ್ಮೇಳನದಲ್ಲಿ ಮೂಲಚಿತ್ರಗಳನ್ನು ಪ್ರದರ್ಶಿಸುವುದಕ್ಕೂ ಆತ ಒಪ್ಪಿದ. ಇಪ್ಪತ್ತಾರು ವರ್ಷಗಳ ಮೇಲೆ ತನ್ನ ಚಿತ್ರಗಳ ಮುಂದೆ ನಿಂತು ಜನರನ್ನು ಕಾಣಬೇಕಾಗಿದ್ದ ಸಮಯ ಅದು.

ಸಮ್ಮೇಳನಕ್ಕೆ ಮೂರು ವಾರ ಇರುವಾಗ, ಮಾರ್ಚ್ 24ರಂದು, ಕಾರ್ಬನ್‌ಡೇಲಿನಲ್ಲಿ ಡೇವಿಡ್ ಟ್ರಾಂಪಿಯರ್ ತೀರಿಕೊಂಡ. ಅರುವತ್ತು ತುಂಬುವುದಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ವರ್ಮಿಯ ಕಥೆ 132ನೆಯ ಸಂಚಿಕೆಯಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಯೇ ನಿಂತಿದೆ.